ಅಟ್ಟದ ಬಿಸ್ಕ್ ಗೊಂಬೆ: ಹಳೆಯದೋ, ಹಳೆಯದರ ನಕಲೋ?

ಕೊಡಗಿನಲ್ಲಿ ಸಿಕ್ಕ ಗೊಂಬೆಯ ವಯಸ್ಸನ್ನು ಅದರ ಮಾಸಲು ನೋಡಿ ಹೇಳಲು ಹೋಗಬೇಡಿ. ಎರಡು ಮಳೆಗಾಲ ಅಟ್ಟದಲ್ಲಿ ಬಿದ್ದಿದ್ದರೆ ಸಾಕು, 1985ರಲ್ಲಿ ಮಾಡಿದ ಗೊಂಬೆಯೂ ಬೂಷ್ಟು ಹಿಡಿದು, ಕೊಕ್ಕೆ ತುಕ್ಕಾಗಿ, ಲೇಸು ಹಳದಿಗೆ ತಿರುಗಿ ಅಜ್ಜಿಯ ಕಾಲದ್ದರಂತೆ ಕಾಣುತ್ತದೆ. ಬೇರೆ ಊರಲ್ಲಿ ಮೋಸ ಮಾಡುವವರು ಚಹಾ, ಕಾಫಿ ಡಿಕಾಕ್ಷನ್ ಹಚ್ಚಿ ಮಾಡುವ ಕೆಲಸವನ್ನು ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯೇ ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಹಾಗಾಗಿ ನಮ್ಮ ಕಡೆ ನಂಬಬೇಕಾದ್ದು ತೇವ ಕೈಯಾಡಿಸಲಾಗದ ಗುರುತುಗಳನ್ನು ಮಾತ್ರ: ಭಟ್ಟಿಯಲ್ಲಿ ಬೆಂದ ಮಣ್ಣು, ಅದರ ಮೇಲೆ ಬೆಂದ ಬಣ್ಣ, ತಲೆಯ ಒಳಗೋಡೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅಳತೆ.

ಇಂಥ ಗೊಂಬೆ ಇಲ್ಲಿಗೆ ಬಂದದ್ದರಲ್ಲಿ ಅಚ್ಚರಿಯೇನಿಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ಕೈ ಸೇರಿತು. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯಲ್ಲಿ ಕಾಫಿ ತೋಟ ಹಾಕಿದ ಮೇಲೆ ಪೊಲಿಬೆಟ್ಟ, ಸಿದ್ದಾಪುರ, ಸುಂಟಿಕೊಪ್ಪದ ಕಡೆ ದೊರೆಗಳ ಬಂಗಲೆಗಳು ಎದ್ದವು. ತೋಟ ಕೈ ಬದಲಾಯಿಸಿದಾಗ ಕುರ್ಚಿ ಮೇಜಿನ ಜೊತೆ ಮಕ್ಕಳ ಸಾಮಾನೂ ಉಳಿದುಕೊಳ್ಳುವುದಿತ್ತು. ಇತ್ತೀಚೆಗೆ ಇನ್ನೊಂದು ದಾರಿಯೂ ಸೇರಿಕೊಂಡಿದೆ. ಹೋಂಸ್ಟೇಗೆ ‘ಬ್ರಿಟಿಷ್ ಕಾಲದ ಕಳೆ’ ಕೊಡಲೆಂದು ಹೊರಗಿನಿಂದ ತಂದು ಗಾಜಿನ ಬೀರುವಿನಲ್ಲಿ ಕೂರಿಸಿದವು. ಹತ್ತು ವರ್ಷ ಕಳೆದರೆ ಆ ಎರಡನೆಯ ಜಾತಿಯೂ ‘ಬಂಗಲೆಯಲ್ಲೇ ಇದ್ದದ್ದು’ ಆಗಿಬಿಡುತ್ತದೆ. ಮನೆಯವರ ಬಾಯಿಮಾತು ಸುಳ್ಳೆಂದಲ್ಲ. ಆದರೆ ಆ ಮಾತಿಗೆ ಗೊಂಬೆಯ ಸಾಕ್ಷಿಯೂ ಬೇಕು.

ಬಿಸ್ಕ್ ಎಂದರೆ ಮೇಲೆ ಗಾಜಿನಂಥ ಲೇಪ ಕೊಡದೆ ಸುಟ್ಟ ಪಿಂಗಾಣಿ. ಚಹಾದ ಬಸಿಯಂತೆ ಹೊಳೆಯುವುದಿಲ್ಲ, ಮ್ಯಾಟ್ ಆಗಿ ಚರ್ಮದ ಹಾಗೆ ಕಾಣುತ್ತದೆ. ಮೊದಲು ಸುಮಾರು 1200 ಡಿಗ್ರಿಗೂ ಮೇಲಿನ ಶಾಖದಲ್ಲಿ ತಲೆ ಸುಡುತ್ತಾರೆ. ಆಮೇಲೆ ಕೆನ್ನೆ, ತುಟಿ, ಹುಬ್ಬು ಬರೆದು 700-800 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಸುಡುತ್ತಾರೆ. ಸಾಮಾನ್ಯವಾಗಿ ತಲೆ ಮಾತ್ರ ಬಿಸ್ಕ್. ಮೈ ಬೇರೆ ಸಾಮಾನಿನದು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಿಂದ 1930ರ ತನಕ ಇವು ಹೆಚ್ಚಾಗಿ ಜರ್ಮನಿಯ ತುರಿಂಗಿಯಾ ಸೀಮೆಯಿಂದ (ಸೋನೆಬರ್ಗ್, ವಾಲ್ಟರ್ಸ್‌ಹೌಸೆನ್, ಕೋಪೆಲ್ಸ್‌ಡಾರ್ಫ್) ಬಂದವು, ದುಬಾರಿಯವು ಫ್ರಾನ್ಸಿನಿಂದ.

ನಿಮ್ಮ ಕೈಯಲ್ಲಿರುವುದು ನಾಲ್ಕರಲ್ಲಿ ಒಂದು. ಅಸಲಿ ಹಳೆಯದು, ಹವ್ಯಾಸಿಗಳು ಪ್ರಾಮಾಣಿಕವಾಗಿಯೇ ಮಾಡಿದ ನಕಲು, ಹಳೆಯದೆಂದು ನಂಬಿಸಲು ತಿದ್ದಿದ ನಕಲು, ಇಲ್ಲವೇ 1980ರ ನಂತರದ ಗಿಫ್ಟ್ ಅಂಗಡಿಯ ಪಿಂಗಾಣಿ ಗೊಂಬೆ. ಕೊನೆಯದನ್ನು ಮೊದಲು ಬದಿಗಿಡೋಣ, ಏಕೆಂದರೆ ಮನೆಗಳಲ್ಲಿ ಕಾಣುವುದರಲ್ಲಿ ಹೆಚ್ಚಿನವು ಅವೇ. ತಲೆ, ಮುಂಗೈ, ಪಾದ ಮಾತ್ರ ಪಿಂಗಾಣಿ. ನಡುವೆ ಪಾಲಿಯೆಸ್ಟರ್ ಹತ್ತಿ ತುಂಬಿದ ಮೆತ್ತನೆಯ ಬಟ್ಟೆ ಮೈ. ತಲೆಗೆ ಸೇರಿಕೊಂಡೇ ಇರುವ ಹೆಗಲ ತಟ್ಟೆಯನ್ನು ಬಟ್ಟೆಗೆ ಬಿಗಿದದ್ದು ಪ್ಲಾಸ್ಟಿಕ್ ಕೇಬಲ್ ಟೈ ಅಥವಾ ಬಿಸಿ ಅಂಟು. ಕಣ್ಣು ಪ್ಲಾಸ್ಟಿಕ್, ರೆಪ್ಪೆ ದಪ್ಪಗೆ ಕಪ್ಪಗೆ ಅಂಟಿಸಿದ ಪಟ್ಟಿ, ಸೊಂಟಕ್ಕೆ ಕಂಬಿಯ ಸ್ಟ್ಯಾಂಡ್. ಇವು ಯಾವ ಹಳೆ ಮಾದರಿಯ ನಕಲೂ ಅಲ್ಲ. ಲಂಗ ಎತ್ತಿ ನೋಡಿದರೆ ಅರ್ಧ ನಿಮಿಷದಲ್ಲಿ ತೀರ್ಮಾನವಾಗುವ ವಿಷಯ. ಕಷ್ಟ ಇರುವುದು ನಡುವಿನ ಎರಡರಲ್ಲಿ.

ಕತ್ತಿನ ಹಿಂದಿನ ಅಕ್ಷರ

ಎಲ್ಲರೂ ಮೊದಲು ನೋಡುವುದು ಕತ್ತಿನ ಹಿಂದೆ ಕೊರೆದ ಅಕ್ಷರ, ಸಂಖ್ಯೆ. ಅದನ್ನು ನೋಡಿ, ಬರೆದುಕೊಳ್ಳಿ; ಆದರೆ ಅದರಿಂದಲೇ ತೀರ್ಪು ಕೊಡಬೇಡಿ. ನಕಲು ಮಾಡುವವರು ಹಳೆ ತಲೆಯ ಮೇಲೆಯೇ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ. ಹಾಗೆ ತೆಗೆದಾಗ ಮೂಗು, ಕಿವಿಯ ಜೊತೆ ಕಂಪನಿಯ ಗುರುತೂ ತಾನಾಗಿ ಬಂದುಬಿಡುತ್ತದೆ. ಗೊಂಬೆಯ ಮೇಲೆ ನಕಲು ಮಾಡಲು ತೀರಾ ಸುಲಭವಾದ ಭಾಗ ಎಂದರೆ ಗುರುತೇ.

ಆದರೂ ಗುರುತಿನಲ್ಲಿ ಓದಿಕೊಳ್ಳುವಂಥದ್ದು ಇದೆ. ‘ಜರ್ಮನಿ’ ಎಂದು ದೇಶದ ಹೆಸರಿದ್ದರೆ ಅದು ಬಹುಪಾಲು 1891ರ ನಂತರದ್ದು. ಆಮದಾಗುವ ಸರಕಿನ ಮೇಲೆ ಹುಟ್ಟಿದ ದೇಶದ ಹೆಸರು ಇರಬೇಕೆಂದು ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಹೇಳಿತು, ಕಾರ್ಖಾನೆಗಳು ಅಚ್ಚಿನಲ್ಲೇ ಹೆಸರು ಕೊರೆದವು. ಎಸ್.ಎಫ್.ಬಿ.ಜೆ. ಎಂದಿದ್ದರೆ 1899ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಫ್ರಾನ್ಸಿನ ತಯಾರಕರು ಒಟ್ಟಾಗಿ ಆ ಸಂಘ ಕಟ್ಟಿದ್ದೇ ಆ ವರ್ಷ. ‘ನಿಪ್ಪಾನ್’ ಎಂದಿದ್ದರೆ ಜಪಾನಿನದು. ಒಂದನೇ ಮಹಾಯುದ್ಧದಲ್ಲಿ ಜರ್ಮನಿಯ ಸರಕು ನಿಂತಾಗ ಮೊರಿಮುರಾದಂಥ ಕಂಪನಿಗಳು ಆ ಜಾಗ ತುಂಬಿದವು. ನಾಲ್ಕಂಕಿಯ ಸಂಖ್ಯೆ ಕಂಡ ಕೂಡಲೇ ಅದು ಇಸವಿ ಎಂದುಕೊಳ್ಳುವುದು ತೀರಾ ಸಾಮಾನ್ಯ ಎಡವಟ್ಟು. ಜರ್ಮನಿಯ ಸೈಮನ್ ಅಂಡ್ ಹಾಲ್ಬಿಗ್ ಕಂಪನಿಯ 1079 ಎನ್ನುವುದು ಅಚ್ಚಿನ ನಂಬರು. ಅದನ್ನು ಇಸವಿ ಎಂದು ಹಿಡಿದರೆ ಗೊಂಬೆ ಚೋಳರ ಕಾಲಕ್ಕೆ ಹೋಗಿಬಿಡುತ್ತದೆ!

ಭೂತಗನ್ನಡಿ (10 ಪಟ್ಟಿನದು) ಹಿಡಿದು ಅಕ್ಷರದ ಅಂಚನ್ನು ನೋಡಿ. ಅಸಲಿಯಲ್ಲಿ ಅಂಚು ಚೂಪಾಗಿ, ತಳ ಸ್ಪಷ್ಟವಾಗಿರುವುದು ಹೆಚ್ಚು. ತಲೆಯಿಂದ ತೆಗೆದ ಅಚ್ಚಿನಲ್ಲಿ ಅಂಚು ಮೊಂಡಾಗಿ, ಅಕ್ಷರ ಆಳವಿಲ್ಲದೆ, ಚಿಕ್ಕದಾಗಿ ಬರುತ್ತದೆ. ಇಲ್ಲೊಂದು ಎಚ್ಚರಿಕೆ: ಪ್ಲಾಸ್ಟರ್ ಅಚ್ಚು ಬಳಸಿದಂತೆಲ್ಲ ಸವೆಯುತ್ತದೆ, ಸವೆದ ಅಚ್ಚಿನಲ್ಲಿ ಎರಕ ಹೊಯ್ದ ಅಸಲಿ ತಲೆಯ ಅಕ್ಷರವೂ ಮಂಕಾಗಿರುತ್ತದೆ. ಗುರುತಿನ ಕೆಳಗೆ, ಕತ್ತಿನ ಅಂಚಿನ ಹತ್ತಿರ ಮತ್ತು ತಲೆಯ ಒಳಗೆ ಇನ್ನೊಂದು ಹೆಸರು, ಇಸವಿ ಕೈಯಿಂದ ಗೀಚಿದೆಯೇ ನೋಡಿ. ಪ್ರಾಮಾಣಿಕ ಹವ್ಯಾಸಿಗಳು ಸುಡುವ ಮುಂಚೆಯೇ ಹಾಗೆ ಸಹಿ ಹಾಕುತ್ತಾರೆ. 1940ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ಎಮ್ಮಾ ಕ್ಲಿಯರ್ ತಾವು ಮಾಡಿದ ನಕಲುಗಳ ಮೇಲೆ ತಮ್ಮ ಹೆಸರು, ಇಸವಿ ಹಾಕುತ್ತಿದ್ದರು. 1970ರ ದಶಕದಿಂದ ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸವಾಗಿ ಬೆಳೆದು, ಅಚ್ಚು, ಮಣ್ಣು, ಬಣ್ಣ, ಮೈ, ಎಲ್ಲವೂ ಅಂಗಡಿಯಲ್ಲಿ ಸಿಗತೊಡಗಿದವು. ಆ ಸಹಿಯನ್ನು ಉಜ್ಜಿ ತೆಗೆದರೆ ನಕಲು ‘ಅಸಲಿ’ಯಾಗುತ್ತದೆ. ಆದರೆ ಬೆಂದ ಪಿಂಗಾಣಿಯನ್ನು ಗುರುತು ಸಿಗದಂತೆ ಉಜ್ಜುವುದು ಕಷ್ಟ. ಸುತ್ತಲಿನ ಮ್ಯಾಟ್ ಮೈಯ ನಡುವೆ ಒಂದು ಚೂರು ಮಾತ್ರ ನುಣ್ಣಗೆ ಹೊಳೆಯುವುದೋ, ಒಂದೇ ದಿಕ್ಕಿನ ಸಣ್ಣ ಗೀರುಗಳೋ ಇದ್ದರೆ ಅಲ್ಲಿ ಏನೋ ಅಳಿಸಿದ್ದಾರೆ ಎಂದೇ ಅರ್ಥ.

ಟೇಪು ಸುಳ್ಳು ಹೇಳುವುದಿಲ್ಲ

ಪಿಂಗಾಣಿ ಮಣ್ಣು ಸುಟ್ಟಾಗ ಕುಗ್ಗುತ್ತದೆ. ಮಿಶ್ರಣ, ಶಾಖ ನೋಡಿಕೊಂಡು ಸಾಮಾನ್ಯವಾಗಿ ನೂರಕ್ಕೆ 12ರಿಂದ 16ರಷ್ಟು. ಹಳೆ ತಲೆಯಿಂದಲೇ ಅಚ್ಚು ತೆಗೆದು, ಅದರಲ್ಲಿ ದ್ರವ ಮಣ್ಣು ಹೊಯ್ದು ಸುಟ್ಟರೆ ಹುಟ್ಟುವ ತಲೆ ಮೂಲಕ್ಕಿಂತ ಅಷ್ಟೇ ಚಿಕ್ಕದಾಗುತ್ತದೆ. ಮೂಲದ ಸುತ್ತಳತೆ 30 ಸೆಂ.ಮೀ. ಇದ್ದರೆ ನಕಲಿನದು 26ರ ಆಸುಪಾಸು. ಆದರೆ ಕತ್ತಿನ ಮೇಲಿನ ಸೈಜ್ ನಂಬರು ಮಾತ್ರ ಹಳೆಯದೇ ಉಳಿಯುತ್ತದೆ. ಈ ಹೊಂದಾಣಿಕೆಯಾಗದ ಜೋಡಿಯೇ ನಕಲಿನ ಅತಿ ಗಟ್ಟಿ ಸಾಕ್ಷಿ. ಮಳೆ, ಹೊಗೆ, ಡಿಕಾಕ್ಷನ್ ಯಾವುದೂ ಇದನ್ನು ಮರೆಮಾಚಲಾರವು.

ಒಂದು ಉದಾಹರಣೆ. ಫ್ರಾನ್ಸಿನ ಜ್ಯೂಮೋ ಕಂಪನಿಯ ಗೊಂಬೆಗಳಿಗೆ ಸೈಜ್ ನಂಬರಿನ ಪದ್ಧತಿ ಇತ್ತು. 8ನೇ ನಂಬರಿನ ತಲೆ ಸುಮಾರು 18-19 ಇಂಚಿನ ಗೊಂಬೆಗೆ ಸೇರಿದ್ದು. ಅದೇ 8 ಎಂದು ಕೊರೆದ ತಲೆ ಒಟ್ಟು 16 ಇಂಚಿನ ಗೊಂಬೆಯ ಮೈ ಮೇಲೆ ಚೆನ್ನಾಗಿ ಕೂತಿದ್ದರೆ ಅದನ್ನು ಅಲ್ಲಿಗೇ ಕೆಳಗಿಡಬಹುದು.

ಅಳೆಯಬೇಕಾದ್ದು ಮೂರು: ಕಿವಿಯ ಮೇಲಿನಿಂದ ಹಣೆ ಸುತ್ತಿ ಬರುವ ಸುತ್ತಳತೆ (ಟೇಲರ್ ಟೇಪಿನಲ್ಲಿ, ವಿಗ್ ಇಲ್ಲದೆ), ವಿಗ್ ಕೆಳಗಿನ ನೆತ್ತಿಯ ತೂತಿನ ಮುಂದಿನ ಅಂಚಿನಿಂದ ಗಲ್ಲದ ತುದಿಯ ತನಕದ ಎತ್ತರ, ಮತ್ತು ಎರಡು ಕಣ್ಣಿನ ಹೊರಮೂಲೆಗಳ ನಡುವಿನ ದೂರ. ಕೊನೆಯ ಎರಡನ್ನು ಕ್ಯಾಲಿಪರಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ತೆಗೆದುಕೊಳ್ಳಿ. ಲೋಹದ ಮೊನೆ ಗೀರದಂತೆ ಟೇಪು ಸುತ್ತಿರಿ. ಇವನ್ನು ಅದೇ ಅಚ್ಚು, ಅದೇ ಸೈಜಿನ ಗೊಂಬೆಗೆ ಮ್ಯೂಸಿಯಂಗಳು, ಹರಾಜು ಕ್ಯಾಟಲಾಗುಗಳು ಕೊಡುವ ಅಳತೆಯ ಜೊತೆ ಹೋಲಿಸಿ. ಅಸಲಿಗಳ ನಡುವೆಯೂ ಭಟ್ಟಿಯ ಶಾಖಕ್ಕೆ ತಕ್ಕಂತೆ ನೂರಕ್ಕೆ ಮೂರೋ ನಾಲ್ಕೋ ಆಚೀಚೆ ಇರುತ್ತದೆ, ಅದಕ್ಕೆ ಗಾಬರಿ ಬೇಡ. ನೂರಕ್ಕೆ 12 ದಾಟಿದರೆ ಮಾತ್ರ ಸಮಜಾಯಿಷಿ ಹುಡುಕಬೇಡಿ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿ ದೊಡ್ಡದಾಗಿ ಹೊಸ ಮಾದರಿ ಕೆತ್ತುವವರೂ ಇದ್ದಾರೆ. ಹಾಗಾಗಿ ಅಳತೆ ಸರಿಯಿಲ್ಲದಿದ್ದರೆ ನಕಲು ಎನ್ನಬಹುದು, ಅಳತೆ ಸರಿಯಿದೆ ಎಂದ ಮಾತ್ರಕ್ಕೆ ಅಸಲಿ ಎನ್ನಲಾಗದು.

ತಲೆಯೊಳಗೆ ಟಾರ್ಚ್

ವಿಗ್ ಎಬ್ಬಿಸದೆ ತೀರ್ಪು ಕೊಡುವವರ ಮಾತಿಗೆ ಬೆಲೆ ಇಲ್ಲ. ಹಳೆ ವಿಗ್‌ಗಳನ್ನು ಸರೇಸಿನಿಂದ ಅಂಟಿಸಿರುತ್ತಾರೆ. ನಮ್ಮ ತೇವಕ್ಕೆ ಅದು ಎಷ್ಟೋ ಸಲ ತಾನೇ ಬಿಟ್ಟಿರುತ್ತದೆ, ಇಲ್ಲವೇ ಜಿರಲೆ ತಿಂದಿರುತ್ತದೆ. ಬಿಟ್ಟಿಲ್ಲವಾದರೆ ಹಿಂದಿನಿಂದ ಶುರುಮಾಡಿ, ತೆಳ್ಳನೆಯ ಮೊಂಡು ಚಾಕುವನ್ನು ಪಿಂಗಾಣಿಗೆ ಒರಗಿಸಿ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ನೀರು ಹಾಕಬೇಡಿ, ವಿಗ್‌ನ ತಳದ ಬಟ್ಟೆ ಕುಗ್ಗಿ ಮತ್ತೆ ಕೂರುವುದಿಲ್ಲ. ಕೆಳಗೆ ನೆತ್ತಿಯ ಮುಚ್ಚಳ ಇರುತ್ತದೆ. ಫ್ರೆಂಚ್ ಗೊಂಬೆಗಳಿಗೆ ಹೆಚ್ಚಾಗಿ ಕಾರ್ಕ್, ಜರ್ಮನ್‌ಗೆ ರಟ್ಟು. ಜರ್ಮನಿಯದೇ ಆದ ಕೆಸ್ಟ್ನರ್ ಕಂಪನಿಯ ಗೊಂಬೆಗೆ ಮಾತ್ರ ಪ್ಲಾಸ್ಟರ್. ಪ್ಲಾಸ್ಟರಿನದಾದರೆ ಎಬ್ಬಿಸದೇ ಇರುವುದು ಒಳ್ಳೆಯದು, ಅದು ಇದ್ದ ಜಾಗದಲ್ಲೇ ಇರುವುದೇ ಒಂದು ಒಳ್ಳೆಯ ಲಕ್ಷಣ. ಥರ್ಮೋಕೋಲ್ ಮುಚ್ಚಳ ಕಂಡರೆ ಹೊಸ ಕೈ ಬಿದ್ದಿದೆ ಎಂದು ತಿಳಿಯಿರಿ.

ಈಗ ಸಣ್ಣ ಎಲ್‌ಇಡಿ ಟಾರ್ಚನ್ನು ಒಳಗೆ ಹಿಡಿದು ನೋಡಿ. ತೀರಾ ಹಳೆಯ ತಲೆಗಳಲ್ಲಿ ಮಣ್ಣನ್ನು ಲಟ್ಟಿಸಿ ಅಚ್ಚಿಗೆ ಬೆರಳಿನಿಂದ ಒತ್ತುತ್ತಿದ್ದರು, ಒಳಗೋಡೆ ಉಬ್ಬುತಗ್ಗಾಗಿ ಒಂದೊಂದು ಕಡೆ ಒಂದೊಂದು ದಪ್ಪ ಇರುತ್ತದೆ. 1890ರ ಸುಮಾರಿಗೆ ದ್ರವ ಮಣ್ಣು ಹೊಯ್ಯುವ ರೀತಿ ಬಂದ ಮೇಲೆ ಒಳಗೋಡೆ ನಯವಾಯಿತು. ಒತ್ತಿ ಮಾಡಿದ ತಲೆ ಎಂದು ಕ್ಯಾಟಲಾಗು ಹೇಳುವ ಮಾದರಿಯ ಒಳಗೋಡೆ ನಿಮ್ಮಲ್ಲಿ ಗಾಜಿನಷ್ಟು ನುಣುಪಾಗಿದ್ದರೆ ಅನುಮಾನ ಪಡಿ. ಹಳೆಯ ಒಳಗೋಡೆ ಅಪ್ಪಟ ಶುಭ್ರವಾಗಿರುವುದು ಅಪರೂಪ: ಬೂದು ಬಣ್ಣದ ಧೂಳಿನ ಪದರ, ಪ್ಲಾಸ್ಟರ್ ಹನಿಗಳು, ಸರೇಸಿನ ಕಂದು ಕಲೆ, ತಲೆಯನ್ನು ಮೈಗೆ ಹಿಡಿದಿಡುವ ಕೊಕ್ಕೆಯ ತುಕ್ಕಿನ ಗೆರೆ ಇರುತ್ತವೆ.

ಬಣ್ಣದಲ್ಲೂ ಒಂದು ವ್ಯತ್ಯಾಸವಿದೆ. ಬಹಳಷ್ಟು ಹಳೆ ತಲೆಗಳು ಬಿಳಿ ಮಣ್ಣಿನವು. ಚರ್ಮದ ಬಣ್ಣವನ್ನು ಹೊರಗಡೆ ಮಾತ್ರ ಬಳಿದು ಸುಟ್ಟಿರುತ್ತಾರೆ, ಒಳಗೆ ಬಿಳಿಯಾಗಿಯೇ ಉಳಿದಿರುತ್ತದೆ. ಹವ್ಯಾಸಿಗಳ ಅಂಗಡಿಯ ಮಣ್ಣು ಸಾಮಾನ್ಯವಾಗಿ ಮೊದಲೇ ಚರ್ಮದ ಬಣ್ಣ ಬೆರೆತದ್ದು, ಹೊರಗೂ ಒಳಗೂ ಒಂದೇ ಗುಲಾಬಿ. ಇದೂ ಕಬ್ಬಿಣದ ನಿಯಮವಲ್ಲ. ಬಣ್ಣ ಬೆರೆಸಿದ ಮಣ್ಣನ್ನು ಹಳೆಯ ಕಾರ್ಖಾನೆಗಳೂ ಬಳಸಿವೆ. ಬೇರೆ ಗುರುತಿನ ಜೊತೆ ಸೇರಿಸಿ ಓದಬೇಕು.

ಮೆಣಸಿನ ಪುಡಿ ಉದುರಿಸಿದಂಥ ಕರಿ ಚುಕ್ಕೆಗಳ ಬಗ್ಗೆ ಕೇಳಿರಬಹುದು. ಹಳೆಯ ಭಟ್ಟಿಗಳ ಧೂಳು, ಮಣ್ಣಿನ ಕಲ್ಮಶದಿಂದ ಮುಖದ ಮೇಲೆ ಅಲ್ಲೊಂದು ಇಲ್ಲೊಂದು ಕರಿ ಚುಕ್ಕೆ ಬೆಂದು ಸೇರಿಕೊಳ್ಳುತ್ತಿತ್ತು. ವಿದ್ಯುತ್ ಭಟ್ಟಿ, ಸೋಸಿದ ಮಣ್ಣು ಬಂದ ಮೇಲೆ ಅದು ಕಡಿಮೆಯಾಯಿತು. ಚುಕ್ಕೆ ಇದ್ದರೆ ಒಂದು ಅಂಕ ಕೊಡಿ, ಇಲ್ಲದಿದ್ದರೆ ಕಳೆಯಬೇಡಿ. ಒಳ್ಳೆಯ ಫ್ರೆಂಚ್ ತಲೆಗಳಲ್ಲಿ ಚುಕ್ಕೆ ಇರಲೇಬೇಕೆಂದಿಲ್ಲ. ಮತ್ತೆ ಇದು ನಿಜವಾದ ಚುಕ್ಕೆಯೋ ನಮ್ಮ ಊರಿನ ಕರಿ ಬೂಷ್ಟೋ ಎಂದು ಒದ್ದೆ ಹತ್ತಿಯಲ್ಲಿ ಒರೆಸಿ ನೋಡಿ (ಮುಖದ ಬಣ್ಣ ಚಕ್ಕೆ ಎದ್ದಿದ್ದರೆ ಮಾತ್ರ ಬೇಡ). ಬೂಷ್ಟು ಎದ್ದುಬರುತ್ತದೆ, ಬೆಂದ ಚುಕ್ಕೆ ಅಲ್ಲಾಡುವುದಿಲ್ಲ.

ಕಣ್ಣಿನ ತೂತಿನ ಒಳ ಅಂಚು ತುಂಬ ಹೇಳುತ್ತದೆ. ಮಣ್ಣು ಹಸಿಯಿದ್ದಾಗ ಚಾಕುವಿನಿಂದ ಕಣ್ಣಿನ ತೂತು ಕತ್ತರಿಸಿ, ಕಣ್ಣು ಕೂರಲು ಒಳಗಡೆ ಓರೆಯಾಗಿ ಹೆರೆಯುತ್ತಿದ್ದರು. ದಿನಕ್ಕೆ ರಾಶಿ ತಲೆ ಮುಗಿಸುವವನ ಚಾಕುವಿನ ಗೆರೆ ಅಲ್ಲಿ ಹಾಗೇ ಬೆಂದಿರುತ್ತದೆ, ಎಡಕ್ಕೂ ಬಲಕ್ಕೂ ಒಂದೇ ಸಮ ಇರುವುದಿಲ್ಲ. ಹವ್ಯಾಸಿಗಳು ಗುಂಡು ತಲೆಯ ಉಪಕರಣ ತಿರುಗಿಸಿ ಆ ಕುಳಿ ಮಾಡುತ್ತಾರೆ. ಎರಡೂ ಕಣ್ಣಿಗೆ ತೆಗೆದಿಟ್ಟಂಥ ಒಂದೇ ಅಳತೆಯ ನುಣುಪು ಬಟ್ಟಲು.

ಕೋಣೆ ಕತ್ತಲು ಮಾಡಿ ಟಾರ್ಚನ್ನು ತಲೆಯೊಳಗೆ ಸುತ್ತಲೂ ತಿರುಗಿಸಿದರೆ ಕೂದಲೆಳೆ ಬಿರುಕು ಕಪ್ಪು ಗೆರೆಯಾಗಿ ಕಾಣುತ್ತದೆ. ಬಿರುಕು ಹಳೆಯದೆಂಬುದಕ್ಕೆ ಪುರಾವೆಯಲ್ಲ, ಆದರೆ ಬೆಲೆಯನ್ನು ಅರ್ಧಕ್ಕಿಳಿಸಬಲ್ಲದು.

ಮುಖದ ಬರವಣಿಗೆ

ಹುಬ್ಬು, ರೆಪ್ಪೆ ಬರೆಯುತ್ತಿದ್ದವರು ಅದನ್ನೇ ಕಸುಬು ಮಾಡಿಕೊಂಡಿದ್ದ ಕೂಲಿಕಾರರು. ಗೆರೆ ಒಂದೇ ಉಸಿರಿನಲ್ಲಿ ಬಂದಿರುತ್ತದೆ: ಬುಡದಲ್ಲಿ ಸ್ವಲ್ಪ ದಪ್ಪ, ತುದಿಯಲ್ಲಿ ಸೂಜಿಯಷ್ಟು ತೆಳು. ಎಡ ಹುಬ್ಬಿಗೂ ಬಲ ಹುಬ್ಬಿಗೂ ಕೊಂಚ ವ್ಯತ್ಯಾಸ ಇದ್ದೇ ಇರುತ್ತದೆ, ಆದರೆ ಕೈ ನಡುಗಿದ್ದು ಕಾಣುವುದಿಲ್ಲ. ಹವ್ಯಾಸಿ ಕೈ ಎರಡು ರೀತಿಯಲ್ಲಿ ಸಿಕ್ಕಿಬೀಳುತ್ತದೆ. ಒಂದೋ ನಿಧಾನವಾಗಿ ಎಳೆದ ಗೆರೆ ನಡುವೆ ತುಂಡಾಗಿ, ಬಣ್ಣ ಗಂಟುಗಟ್ಟಿರುತ್ತದೆ. ಇಲ್ಲವೇ ಎಲ್ಲ ರೆಪ್ಪೆಯೂ ಒಂದೇ ಉದ್ದ, ಒಂದೇ ಅಂತರ, ಅತಿ ಅಚ್ಚುಕಟ್ಟು. ಭೂತಗನ್ನಡಿಯಲ್ಲಿ ಕೆಳಗಿನ ರೆಪ್ಪೆಯ ನಾಲ್ಕೈದು ಗೆರೆಗಳನ್ನಷ್ಟೇ ನಿಧಾನವಾಗಿ ನೋಡಿದರೂ ಸಾಕು. ಕೆನ್ನೆಯ ಕೆಂಪು ಹಳೆಯದರಲ್ಲಿ ಅಂಚೇ ಗೊತ್ತಾಗದಂತೆ ಕರಗಿರುತ್ತದೆ. ತೀರಾ ನುಣ್ಣಗಿನ, ರೇಷ್ಮೆಯಂತೆ ಜಾರುವ ಮುಖ, ಕಿವಿ ಹಿಂದೆಯೂ ಅಚ್ಚಿನ ಕೂಡುಗೆರೆಯ ಸುಳಿವೇ ಇಲ್ಲದಂತೆ ತಿಕ್ಕಿದ ತಲೆ ನಕಲಿನ ಕಡೆಗೆ ವಾಲುತ್ತದೆ. ಕಾರ್ಖಾನೆಯಲ್ಲಿ ಕಿವಿ ಹಿಂದೆ ತಿಕ್ಕಲು ಯಾರಿಗೆ ಪುರುಸೊತ್ತಿತ್ತು?

ಬೆಂದ ಬಣ್ಣ ಉಗುರಿಗೂ ಅಸಿಟೋನಿಗೂ ಜಗ್ಗುವುದಿಲ್ಲ. ರಿಪೇರಿಯವರು ಮೇಲೆ ಬಳಿದ ಬಣ್ಣ ಜಗ್ಗುತ್ತದೆ. ಇಯರ್ ಬಡ್ಡಿಗೆ ಒಂದು ಹನಿ ಅಸಿಟೋನ್ ಹಾಕಿ ವಿಗ್ ಮುಚ್ಚುವ ಜಾಗದಲ್ಲಿ ಒರೆಸಿ ನೋಡಬಹುದು. ಆದರೆ 1920-30ರ ಸುಮಾರಿಗೆ ಅಗ್ಗದ ಗೊಂಬೆಗಳಿಗೆ ಬಣ್ಣ ಬಳಿದು, ಸುಡದೆ ಬಿಟ್ಟದ್ದೂ ಉಂಟು. ಅದು ಅಸಲಿಯೇ, ಆದರೆ ಬರೀ ನೀರಿಗೂ ಎದ್ದುಹೋಗುತ್ತದೆ. ಮುಖದಲ್ಲಿ ಬಣ್ಣ ಚಕ್ಕೆ ಎದ್ದು ಕೆಳಗೆ ಬಿಳಿ ಕಾಣುತ್ತಿದ್ದರೆ ಅಸಿಟೋನ್ ಬಾಟಲಿಯನ್ನು ದೂರವಿಡಿ. 365 ನ್ಯಾನೋಮೀಟರಿನ ಯುವಿ ಟಾರ್ಚ್ ಇದ್ದರೆ ಮುಟ್ಟದೆಯೇ ನೋಡಬಹುದು. ತುಂಬಿ ತಿದ್ದಿದ ಜಾಗ ಸುತ್ತಲಿನದಕ್ಕಿಂತ ಬೇರೆಯಾಗಿ ಹೊಳೆಯುತ್ತದೆ.

ಕಣ್ಣು, ಮೈ, ಮಿಕ್ಕದ್ದು

ಹಳೆಯ ಕಣ್ಣು ಊದಿದ ಗಾಜಿನದು, ಬಹುಪಾಲು ತುರಿಂಗಿಯಾದ ಲೌಷಾ ಊರಿನದು. ಮಲಗಿಸಿದರೆ ಮುಚ್ಚುವ ಕಣ್ಣಿಗೆ ಒಳಗೆ ಕಂಬಿಯ ತುದಿಯಲ್ಲಿ ಸೀಸದ ಗುಂಡು, ಎರಡೂ ಪಕ್ಕದಲ್ಲಿ ಪ್ಲಾಸ್ಟರ್ ಗಡ್ಡೆ. ಆ ಪ್ಲಾಸ್ಟರ್ ಹಳದಿಯಾಗಿ, ಪುಡಿಯಾಗಿ ಕಂಡರೆ ಸಹಜ. ಅಪ್ಪಟ ಬಿಳಿಯಾಗಿದ್ದರೆ ಇತ್ತೀಚೆಗೆ ಕೂರಿಸಿದ್ದು, ಸಿಲಿಕೋನ್ ಆಗಿದ್ದರೆ ಕೇಳುವುದೇ ಬೇಡ. ಗಾಜಿನ ಕಣ್ಣಿದೆ ಎಂದ ಮಾತ್ರಕ್ಕೆ ಹಳೆಯದಲ್ಲ, ಊದಿದ ಗಾಜಿನ ಹೊಸ ಕಣ್ಣು ಇಂದಿಗೂ ಸಿಗುತ್ತದೆ.

ಮೈಯ ವಿಷಯದಲ್ಲಿ ಕೊಡಗು ತುಂಬ ಕ್ರೂರಿ. ಹಳೆ ಮೈ ಹೆಚ್ಚಾಗಿ ಕಾಂಪೊಸಿಷನ್ನಿನದು. ಕಾಂಪೊಸಿಷನ್ ಎಂದರೆ ಮರದ ಹುಡಿ, ಕಾಗದದ ತಿರುಳು, ಸರೇಸು ಕಲಸಿ ಅಚ್ಚೊತ್ತಿದ್ದು. ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮೇಲಿನ ಬಣ್ಣಕ್ಕೆ ಜೊತೆಯಲ್ಲಿ ಹಿಗ್ಗಿ ಕುಗ್ಗಲಾಗದೆ ಚಕ್ಕೆ ಏಳುತ್ತದೆ. ಬೆರಳು ಮುರಿದ ಜಾಗ ನೋಡಿ: ಹಳೆಯದರ ತಿರುಳು ಕಂದು ಅಥವಾ ಬೂದು, ನಾರುನಾರು, ಮೇಲಿನ ವಾರ್ನಿಷ್ ಹಳದಿಗೆ ತಿರುಗಿರುತ್ತದೆ. ಹೊಸ ಮೈ ಮುರಿದರೆ ಒಳಗೆ ಒಂದೇ ಸಮನಾದ ಪೇಸ್ಟು, ಮೇಲೆ ಸ್ಪ್ರೇ ಬಣ್ಣ. ಚರ್ಮದ ಮೈಯಾದರೆ ಒಳಗೆ ಮರದ ಹುಡಿ ತುಂಬಿರುತ್ತದೆ, ಹೊಲಿಗೆ ಬಿಟ್ಟಲ್ಲಿ ಸುರಿಯುತ್ತದೆ. ಕೈಕಾಲುಗಳನ್ನು ಒಳಗಿನಿಂದ ಜೋಡಿಸುವ ಎಲಾಸ್ಟಿಕ್ ಹೊಸದಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ರಬ್ಬರು ಹೇಗೂ ಕೆಲವು ದಶಕಕ್ಕೆ ಸಾಯುತ್ತದೆ, ಬದಲಾಯಿಸಿಯೇ ಇರುತ್ತಾರೆ. ಜ್ಯೂಮೋ ಮೈಯ ಬೆನ್ನಿನ ಮೇಲಿನ ನೀಲಿ ಮುದ್ರೆ 1878ರ ಪ್ಯಾರಿಸ್ ಪ್ರದರ್ಶನದ ಚಿನ್ನದ ಪದಕವನ್ನು ಹೇಳಿಕೊಳ್ಳುತ್ತದೆ. ಆದರೆ ಶಾಯಿ ಮುದ್ರೆ ಒತ್ತುವುದು ಎಂಥ ದೊಡ್ಡ ವಿದ್ಯೆ?

ಅಸಲಿ ತಲೆಗೆ ಹೊಸ ಮೈ, ಹಳೆ ಮೈಗೆ ನಕಲಿ ತಲೆ, ಎರಡೂ ಕಾಣಸಿಗುತ್ತವೆ. ಎರಡನೆಯದು ಅಪಾಯ, ಏಕೆಂದರೆ ಮೈಯ ನಿಜವಾದ ವಯಸ್ಸು ತಲೆಗೂ ಸಾಕ್ಷಿ ಹೇಳಿಬಿಡುತ್ತದೆ. ಕತ್ತು ಮೈಯ ಗುಳಿಯಲ್ಲಿ ಕೂರುವ ಜಾಗ ನೋಡಿ. ಜೊತೆಯಲ್ಲೇ ಬಾಳಿದ ತಲೆಯ ಕತ್ತಿನ ಸುತ್ತ ಬೂದು ಉಜ್ಜುಗೆರೆ ಇರುತ್ತದೆ, ಗುಳಿಯಲ್ಲೂ ಅದಕ್ಕೆ ಸರಿಯಾಗಿ ಬಣ್ಣ ಸವೆದಿರುತ್ತದೆ. ಕತ್ತು ಗುಳಿಯಲ್ಲಿ ಲೊಡಲೊಡ ಅಂದರೆ ಜೋಡಿ ಬೇರೆ. ತಲೆ ಕುಗ್ಗಿದ ನಕಲಾದರೆ ಆಗುವುದೇ ಹಾಗೆ.

ವಿಗ್‌ನಿಂದ ಒಂದೇ ಒಂದು ಎಳೆ ತೆಗೆದು ಬೆಂಕಿ ತೋರಿಸಿದರೆ ಮೊಹೇರ್ (ಅಂಗೋರಾ ಮೇಕೆಯ ಕೂದಲು), ಮನುಷ್ಯರ ಕೂದಲು ಸುಟ್ಟ ಕೂದಲಿನ ವಾಸನೆ ಬಂದು ಬೂದಿಯಾಗುತ್ತವೆ, ಸಿಂಥೆಟಿಕ್ ಕರಗಿ ಮಣಿಯಾಗುತ್ತದೆ. ಬಟ್ಟೆಯ ವಿಚಾರದಲ್ಲಿ ಹೊಲಿಗೆಯ ಒಳಗಿನ ಮಡಿಕೆ ಬಿಚ್ಚಿ ನೋಡಿ: ನಿಜವಾಗಿ ಮಾಸಿದ ಬಟ್ಟೆಯ ಮಡಿಕೆಯೊಳಗೆ ಮೊದಲಿನ ಬಣ್ಣ ಉಳಿದಿರುತ್ತದೆ, ಡಿಕಾಕ್ಷನ್ನಿನಲ್ಲಿ ಅದ್ದಿದ್ದಾದರೆ ಒಳಗೂ ಅದೇ ಕಂದು. ಯುವಿ ಬೆಳಕಿಗೆ ಬಟ್ಟೆ ನೀಲಿಯಾಗಿ ಹೊಳೆದರೆ ಹೊಸದು ಎಂದು ಕೆಲವರು ಹೇಳುತ್ತಾರೆ. ಹಳೆಯ ಫ್ರಾಕನ್ನು ಯಾರೋ ಈಗಿನ ಡಿಟರ್ಜೆಂಟಿನಲ್ಲಿ ಒಗೆದಿದ್ದರೂ ಹಾಗೇ ಹೊಳೆಯುತ್ತದೆ, ಅದನ್ನು ನಂಬಬೇಡಿ. ಗೊಂಬೆಗೆ ನೆರಿಗೆ ಹಿಂದಕ್ಕೆ ಬರುವಂತೆ ಕೊಡಗಿನ ರೀತಿ ಸೀರೆ ಉಡಿಸಿದ್ದರೆ ಅದರಿಂದ ತಲೆಯ ವಯಸ್ಸು ಗೊತ್ತಾಗುವುದಿಲ್ಲ. ಹಾಗಂತ ಕಿತ್ತೆಸೆಯಲೂ ಬೇಡಿ. ಬಿಚ್ಚುವ ಮುಂಚೆ ಫೋಟೋ ತೆಗೆದು, ಬೇರೆ ಕಾಗದದಲ್ಲಿ ಸುತ್ತಿ ಜೊತೆಗಿಡಿ.

ಯಾವುದನ್ನು ನಕಲು ಮಾಡುತ್ತಾರೆ

ಲಾಭ ಇರುವಲ್ಲಿ ನಕಲು. ಫ್ರಾನ್ಸಿನ ಬ್ರೂ, ಜ್ಯೂಮೋ, ಜರ್ಮನಿಯ ಕೆಮ್ಮರ್ ಅಂಡ್ ರೈನ್‌ಹಾರ್ಟ್‌ನ 101, 114, 117ನೇ ಅಚ್ಚುಗಳು, ಕೆಸ್ಟ್ನರ್‌ನ ‘ಹಿಲ್ಡಾ’, ಇಂಥವಕ್ಕೆ ಅಚ್ಚುಗಳು ಹೇರಳ. ಇವುಗಳಲ್ಲಿ ಒಂದು ನಿಮಗೆ ಅಗ್ಗಕ್ಕೆ ಸಿಕ್ಕರೆ ನಕಲು ಎಂದುಕೊಂಡೇ ಪರೀಕ್ಷೆ ಶುರುಮಾಡಿ. ಜರ್ಮನಿಯ ಆರ್ಮಾಂಡ್ ಮಾರ್ಸೆಲ್ ಕಂಪನಿಯ 390, 370, ಅಥವಾ 1920ರ ದಶಕದ ಮಗು ಗೊಂಬೆಗಳಾದ 341, 351 ಕಾರ್ಖಾನೆಯಿಂದ ರಾಶಿ ರಾಶಿ ಹೊರಬಿದ್ದವು. ಅವುಗಳನ್ನು ನಕಲು ಮಾಡಿ ಗಿಟ್ಟುವುದು ಅಷ್ಟಕ್ಕಷ್ಟೆ. ತೋಟದ ಬಂಗಲೆಯ ಪೆಟ್ಟಿಗೆಯಲ್ಲಿ 390 ಸಿಕ್ಕರೆ ಅದು ಅಸಲಿಯಾಗಿರುವ ಸಂಭವವೇ ಹೆಚ್ಚು, ಆದರೆ ಅದರಿಂದ ತೋಟ ಕೊಳ್ಳಲಾಗುವುದಿಲ್ಲ.

ಫೋಟೋ ನೋಡಿ ಕೊಳ್ಳುವುದಾದರೆ ಮುಖದ ಫೋಟೋ ಎಷ್ಟಿದ್ದರೂ ದಂಡ. ಕತ್ತಿನ ಗುರುತು ಪಕ್ಕದಲ್ಲಿ ಸ್ಕೇಲ್ ಇಟ್ಟು, ನೆತ್ತಿಯಿಂದ ಒಳಗೋಡೆ, ಕಣ್ಣಿನ ಹಿಂಭಾಗ, ಬಟ್ಟೆ ಬಿಚ್ಚಿದ ಮೈಯ ಎರಡೂ ಬದಿ, ಬೆರಳುಗಳು, ಟೇಪು ಸುತ್ತಿದ ತಲೆ, ಇಷ್ಟನ್ನು ಕೇಳಿ. ‘ವಿಗ್ ತೆಗೆದರೆ ಹಾಳಾಗುತ್ತೆ’ ಎನ್ನುವವರಿಗೆ ನಮಸ್ಕಾರ ಹೇಳಿ.

ಹಳೆಯದೆಂದು ಗೊತ್ತಾದ ಮೇಲೆ ತೊಳೆಯಲು ಹೋಗಬೇಡಿ. ಬೂಷ್ಟನ್ನು ಬಿಸಿಲಿಲ್ಲದ ಒಣ ದಿನ, ಹೊರಗಡೆ, ಮೂಗಿಗೆ ಮಾಸ್ಕ್ ಕಟ್ಟಿ, ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಿರಿ. ಮಳೆಗಾಲದಲ್ಲಿ ಬಟ್ಟೆ ಬೀರುವಿನಲ್ಲಿ ಬಲ್ಬು ಉರಿಸಿಡುವ ನಮ್ಮ ರೂಢಿ ಗೊಂಬೆಗೆ ಒಳ್ಳೆಯದಲ್ಲ, ಒಂದೇ ಕಡೆ ಶಾಖ ತಾಗಿ ಕಾಂಪೊಸಿಷನ್ ಬಿರಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ತೇವಮಾಪಕ ಇಟ್ಟು, ತೇವವನ್ನು ನೂರಕ್ಕೆ 50-55ರ ಹತ್ತಿರ ಹಿಡಿದಿಟ್ಟರೆ ಸಾಕು. ನುಸಿಗುಳಿಗೆ ಮೈಗೆ ತಾಗಬಾರದು.

ವಿದೇಶಕ್ಕೆ ಕಳಿಸಿ ಮಾರುವ ಯೋಚನೆಯಿದ್ದರೆ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ನೆನಪಿರಲಿ. ನೂರು ವರ್ಷ ತುಂಬಿದ ಕಲೆ, ಕುಶಲಕರ್ಮದ ವಸ್ತುಗಳು ಅದರ ವ್ಯಾಖ್ಯೆಯೊಳಗೆ ಬರುತ್ತವೆ, ಅಂಥವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಪಾರ್ಸೆಲ್ ಕಟ್ಟುವ ಮುಂಚೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನು ಕೇಳಿಕೊಳ್ಳಿ.

ಬೆಂಗಳೂರಿಗೋ ಮೈಸೂರಿಗೋ ಯಾರಿಗಾದರೂ ತೋರಿಸಲು ಒಯ್ಯುವುದಾದರೆ ಮುಚ್ಚುವ ಕಣ್ಣಿನ ಗೊಂಬೆಯನ್ನು ಕೂರಿಸಿಕೊಂಡು ಹೋಗಬೇಡಿ. ಘಾಟಿಯ ತಿರುವುಗಳಲ್ಲಿ ಸೀಸದ ಗುಂಡು ಒಳಗಿನಿಂದ ಗಲ್ಲಕ್ಕೆ ಬಡಿದು ತಲೆ ಸೀಳಬಲ್ಲದು. ನೆತ್ತಿಯಿಂದ ಟಿಶ್ಯೂ ಕಾಗದವನ್ನು ಸಡಿಲವಾಗಿ ಉಂಡೆ ಮಾಡಿ ಗುಂಡಿನ ಸುತ್ತ ತುಂಬಿ, ತಲೆಯನ್ನು ಬೇರೆಯಾಗಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಗೊಂಬೆಯನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನ ಕೆಳಗೆ ಇಡಿ, ಡಿಕ್ಕಿಯಲ್ಲಿ ಬೇಡ.